ಅವ್ವನ ಕೈ, ಕಂಪ್ಯೂಟರಿನ ಕೈ

ನಮ್ಮ ಅವ್ವ ತೀರಿಕೊಂಡು ಹತ್ತು ತಿಂಗಳಾಗಿದ್ದ ಒಂದು ಭಾನುವಾರ. ಬೆಂಗಳೂರಿನಿಂದ ಬಂದ ನನ್ನ ತಮ್ಮನ ಮಗ ಚಪ್ಪಲಿ ಬಿಡುತ್ತಲೇ, "ಅತ್ತೆ, ಒಂದು ನಿಮಿಷ ಇಲ್ಲಿ ನೋಡಿ" ಎಂದು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವ ಅವ್ವನ ಅದೇ ಫೋಟೋ. ನೋಡುತ್ತಿದ್ದಂತೆಯೇ ಫೋಟೋದೊಳಗಿನ ಅವ್ವ ಕಣ್ಣು ಮಿಟುಕಿಸಿದಳು. ಕತ್ತನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಆಮೇಲೆ ಹಲ್ಲು ಕಾಣುವಂತೆ ನಕ್ಕಳು.

ಬದುಕಿದ್ದ ಎಪ್ಪತ್ತೇಳು ವರ್ಷದಲ್ಲಿ ಅವ್ವ ಹಾಗೆ ನಕ್ಕವಳಲ್ಲ. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ನಗುವೆಲ್ಲ ಕಣ್ಣಿನಲ್ಲಿ, ಕುಲುಕುವ ಭುಜದಲ್ಲಿ. ಮೊಬೈಲಿನವಳಿಗೆ ಇದ್ದ ಹಲ್ಲುಗಳು ಕೂಡ ಅವಳವಲ್ಲ; ಅವ್ವನ ಮುಂದಿನ ಎರಡು ಹಲ್ಲಿನ ನಡುವೆ ಅಕ್ಕಿಕಾಳು ಹಿಡಿಯುವಷ್ಟು ಸಂದಿತ್ತು. "ಇದು ಯಾರೋ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಏಕೆಂದರೆ ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮ ಕಣ್ಣೊರೆಸಿಕೊಳ್ಳುತ್ತಿದ್ದ. ಅವ್ವ ಹೋದಾಗ ಅವನು ಕೆಲಸದ ಮೇಲೆ ಗುಜರಾತಿನಲ್ಲಿದ್ದ. ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಇನ್ನೊಂದು ಸಲ ಹಾಕೋ" ಎಂದ ಮಗನಿಗೆ. ಅವ್ವ ಇನ್ನೊಂದು ಸಲ ಕಣ್ಣು ಮಿಟುಕಿಸಿ, ಅಷ್ಟೇ ಎಡಕ್ಕೆ ತಿರುಗಿ, ಅಷ್ಟೇ ನಕ್ಕಳು.

"ಇದು ಏನೂ ಅಲ್ಲ ಅತ್ತೆ. ಫೋಟೋ ಕೊಟ್ಟರೆ ಆ್ಯಪ್ ತಾನೇ ಮಾಡಿಕೊಡುತ್ತೆ. ವರ್ಷದ ತಿಥಿಗೆ ನಾನು ಇಡೀ ಅಜ್ಜೀನೇ ಮಾಡಿಬಿಡ್ತೀನಿ. ನಡೀಬೇಕು, ಕೂರಬೇಕು, ಮಾತಾಡಬೇಕು" ಎಂದ ಹುಡುಗ. ಅವನು ಇರುವುದೇ ಅಂಥ ಉದ್ಯೋಗದಲ್ಲಿ. ಬೆಂಗಳೂರಿನ ಒಂದು ಅನಿಮೇಷನ್ ಕಂಪನಿಯಲ್ಲಿ ಕೂತು ಪರದೇಶದ ಸಿನಿಮಾಗಳಿಗೆ ಪ್ರಾಣಿಗಳ ಮೈಮೇಲೆ ಕೂದಲು ಹಚ್ಚುತ್ತಾನೆ. ನನಗೆ ಯಾವ ಧೈರ್ಯ ಬಂತೋ, "ಮಾಡೋದಾದರೆ ನಾನೇ ಮಾಡ್ತೀನಿ. ನನಗೆ ಹೇಳಿಕೊಡು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಧಿ ಸಮಾಸ ಹೇಳಿಕೊಟ್ಟವಳು, ಶಾಲೆಯ ಅಂಕಪಟ್ಟಿಯನ್ನು ಕಂಪ್ಯೂಟರಿಗೆ ತುಂಬಲು ಇವತ್ತಿಗೂ ಪಕ್ಕದ ಮೇಷ್ಟರನ್ನು ಕರೆಯುವವಳು. ನಗದೆ ಏನು ಮಾಡಿಯಾರು?

ಆ ಬೇಸಿಗೆ ರಜೆಯೆಲ್ಲ ನಾನು ಮನುಷ್ಯರನ್ನು ಮಾಡಲು ಕಲಿತೆ. ಕಲಿಯುತ್ತಲೇ, ಬೇರೆಯವರು ಮಾಡಿದ ಕಂಪ್ಯೂಟರ್ ಮನುಷ್ಯರನ್ನೂ ಒಂದೊಂದಾಗಿ ನೋಡಿದೆ. ಒಲೆಯ ಮುಂದೆ ಬೆವರಿದವಳಿಗೆ ಬಡಿಸಿದ ಅಡುಗೆಯ ಬಗ್ಗೆ ನಾಲ್ಕು ಮಾತಾಡುವ ಹಕ್ಕು ಬರುತ್ತದಲ್ಲ, ಆ ಹಕ್ಕಿನಿಂದ ಇದನ್ನು ಬರೆಯುತ್ತಿದ್ದೇನೆ.

ಕಲಿತದ್ದು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹಾಲೆಂಡಿನ ಟಾನ್ ರೂಸೆಂಡಾಲ್ ಎಂಬಾತ ಮಾಡಿದ್ದು. ಅವನ ಕಂಪನಿ ಮುಳುಗಿದಾಗ, 2002ರಲ್ಲಿ, ಇದನ್ನು ಬಳಸುತ್ತಿದ್ದವರೇ ಏಳು ವಾರದಲ್ಲಿ 1 ಲಕ್ಷ ಯೂರೋ ಚಂದಾ ಎತ್ತಿ ಬಿಡಿಸಿಕೊಂಡು ಲೋಕಕ್ಕೆಲ್ಲ ಬಿಟ್ಟುಕೊಟ್ಟರಂತೆ. ಅಡವಿಟ್ಟ ಒಡವೆಯನ್ನು ಬೀದಿಯವರೆಲ್ಲ ಸೇರಿ ಬಿಡಿಸಿದ ಹಾಗೆ. ತೆರೆದರೆ ಪರದೆಯ ಮಧ್ಯೆ ಒಂದು ಬೂದುಬಣ್ಣದ ಚೌಕದ ಪೆಟ್ಟಿಗೆ ಇರುತ್ತದೆ. "ಇದರಿಂದಲೇ ಕೈ ಮಾಡಬೇಕು ಅತ್ತೆ" ಎಂದ. ಮನುಷ್ಯನನ್ನು ಕೈಯಿಂದಲೇ ಶುರುಮಾಡುವುದು ಪದ್ಧತಿಯೋ, ನನ್ನನ್ನು ಸಾಗಹಾಕುವ ಉಪಾಯವೋ, ಗೊತ್ತಿಲ್ಲ. ಪೆಟ್ಟಿಗೆಯನ್ನು ಚಪ್ಪಟೆ ಮಾಡಿ ಅಂಗೈ ಮಾಡಿಕೊಂಡು, ಅದರ ಒಂದು ಅಂಚಿನಿಂದ ನಾಲ್ಕು ತುಂಡು ಎಳೆದು ಬೆರಳು ಮಾಡುವುದು. ಸಂಕ್ರಾಂತಿಗೆ ಹಿಟ್ಟಿನಲ್ಲಿ ಗೊಂಬೆ ಮಾಡುವಾಗ ಎಳೆಯುವುದಿಲ್ಲವೇ, ಹಾಗೆ. ನಾಲ್ಕು ಬೆರಳು ಒಂದು ಸಂಜೆಗೆ ಮುಗಿದವು. ಹೆಬ್ಬೆರಳಿಗೆ ಒಂಬತ್ತು ದಿನ ಬೇಕಾಯಿತು. ಅದು ಅಂಗೈಯ ಅಂಚಿನಿಂದ ಹೊರಡುವುದಲ್ಲ, ಅಂಗೈಯೊಳಗಿನಿಂದ ಹೊರಡುತ್ತದೆ. ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ನನಗೇ ಅದು ಗೊತ್ತಿರಲಿಲ್ಲ.

ಹೀಗೆ ಮಾಡಿದ ಕೈ ಮರದ ಸೌಟಿನಂತೆ ಚೌಕಚೌಕವಾಗಿರುತ್ತದೆ. ಒಂದು ಗುಂಡಿ ಒತ್ತಿದರೆ ಒಂದೊಂದು ಚೌಕವೂ ನಾಲ್ಕಾಗಿ, ನಾಲ್ಕು ಹದಿನಾರಾಗಿ, ಮೂಲೆಗಳೆಲ್ಲ ಕರಗಿ ನುಣುಪಾಗುತ್ತದೆ. ಆ ವಿಧಾನಕ್ಕೆ ಕ್ಯಾಟ್‌ಮಲ್-ಕ್ಲಾರ್ಕ್ ಎಂದು ಹೆಸರು. 1978ರಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ ಎಂಬಿಬ್ಬರು ಕಂಡುಹಿಡಿದದ್ದು. ಈ ಕ್ಯಾಟ್‌ಮಲ್ ಯಾರೆಂದು ಹುಡುಕಿಕೊಂಡು ಹೋದಾಗ ಸಿಕ್ಕಿತು ನೋಡಿ ಒಂದು ಕಥೆ.

1972ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಈತ, ಫ್ರೆಡ್ ಪಾರ್ಕ್ ಎಂಬ ಗೆಳೆಯನ ಜೊತೆ ಸೇರಿ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಚಿತ್ರ ಮಾಡಿದ. ಅದರಲ್ಲಿ ಇರುವುದು ಆತನ ಎಡಗೈ. ಮೊದಲು ಕೈಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಅಚ್ಚು ತೆಗೆದನಂತೆ. ಕೈಗೆ ವ್ಯಾಸಲೀನ್ ಹಚ್ಚಿಕೊಳ್ಳುವುದನ್ನು ಮರೆತಿದ್ದರಿಂದ, ಅಚ್ಚು ಬಿಡಿಸುವಾಗ ಮುಂಗೈಯ ಕೂದಲೆಲ್ಲ ಕಿತ್ತುಬಂತು. ಬ್ಯೂಟಿ ಪಾರ್ಲರಿಗೆ ಒಮ್ಮೆ ಹೋಗಿ ಮತ್ತೆ ಹೋಗದ ನಮ್ಮಂಥವರಿಗೆ ಆ ನೋವನ್ನು ವಿವರಿಸಬೇಕಾಗಿಲ್ಲ. ಆ ಅಚ್ಚಿನಿಂದ ಮಾಡಿದ ಕೈಯ ಮೇಲೆ 350 ಸಣ್ಣ ತ್ರಿಕೋನ, ಬಹುಭುಜಗಳನ್ನು ಶಾಯಿಯಲ್ಲಿ ಬರೆದು, ಅವುಗಳ ಅಳತೆಯನ್ನು ಕಂಪ್ಯೂಟರಿಗೆ ಊಡಿದ. ಪರದೆಯ ಮೇಲೆ ಕೈ ತಿರುಗುತ್ತದೆ, ಬೆರಳು ಮಡಿಸುತ್ತದೆ, ಬಿಚ್ಚುತ್ತದೆ. ಅಷ್ಟೇ ಚಿತ್ರ. 1976ರಲ್ಲಿ ಅದರ ತುಣುಕನ್ನು 'ಫ್ಯೂಚರ್‌ವರ್ಲ್ಡ್' ಎಂಬ ಹಾಲಿವುಡ್ ಸಿನಿಮಾದಲ್ಲಿ ಬಳಸಿಕೊಂಡರು. 2011ರಲ್ಲಿ ಅಮೆರಿಕ ಸರ್ಕಾರ ಅದನ್ನು ಕಾಪಿಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು.

ನಾನು ಅದನ್ನು ನೋಡಿದೆ. ಕಪ್ಪುಬಿಳುಪು, ಒರಟು, ಚರ್ಮವೂ ಇಲ್ಲ ಉಗುರಿನ ಹೊಳಪೂ ಇಲ್ಲ. ಆದರೂ ಬೆರಳು ಮಡಿಸಿದಾಗ, ಇದು ಯಾರದೋ ಕೈ ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಮೊಬೈಲಿನಲ್ಲಿ ನಕ್ಕ ಅವ್ವನಿಗೆ ಚರ್ಮ, ಬಣ್ಣ, ಕುಂಕುಮ ಎಲ್ಲ ಇತ್ತು. ಮನಸ್ಸು ಒಪ್ಪಲಿಲ್ಲ. ಏಕೆ?

ಇದಕ್ಕೊಂದು ಉತ್ತರವನ್ನು ಜಪಾನಿನ ಮಸಾಹಿರೊ ಮೋರಿ ಎಂಬ ಪ್ರಾಧ್ಯಾಪಕರು 1970ರಲ್ಲೇ ಬರೆದಿಟ್ಟಿದ್ದರು. ಗೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಪ್ರೀತಿ ಹೆಚ್ಚುತ್ತದೆ. ಆದರೆ ತೀರಾ ಹತ್ತಿರ ಬಂದು ಇನ್ನೇನು ಮನುಷ್ಯನೇ ಎನ್ನುವಾಗ ಥಟ್ಟನೆ ಒಂದು ಕಂದಕ, ಅಲ್ಲಿ ಪ್ರೀತಿ ಹೋಗಿ ಮೈ ಜುಮ್ಮೆನ್ನುತ್ತದೆ ಎಂದು. ಅವರು ಕೊಟ್ಟ ಉದಾಹರಣೆಯೂ ಕೈಯದೇ. ನಿಜವಾದದ್ದೆಂದು ತಿಳಿದು ಕುಲುಕಿದ ಕೈ ತಣ್ಣಗೆ ಇದ್ದು, ಕೃತಕ ಕೈಯೆಂದು ತಿಳಿದಾಗ ಆಗುವ ಗಾಬರಿ. ಅದೇ ಮೋರಿಯವರು ಜಪಾನಿನ ಬುನ್ರಾಕು ಗೊಂಬೆಗಳನ್ನು ಆ ಕಂದಕದ ಆಚೆ ದಡದಲ್ಲಿ, ಮನುಷ್ಯರ ಪಕ್ಕದಲ್ಲಿ ಕೂರಿಸಿದ್ದಾರೆ. ಹತ್ತಿರದಿಂದ ನೋಡಿದರೆ ಅವು ಬರೀ ಮರ, ಬಟ್ಟೆ. ಆಟ ಶುರುವಾದರೆ ಅವಕ್ಕೆ ಜೀವ ಬರುತ್ತದೆ. ನಮ್ಮ ಕಡೆ ತೊಗಲುಗೊಂಬೆ ಆಟ ನೋಡಿದವರಿಗೆ ಈ ಮಾತು ಹೊಸದಲ್ಲ. ಒಕ್ಕಣ್ಣಿನ ಪಕ್ಕಮುಖದ ಸೀತೆ ಪರದೆಯ ಹಿಂದೆ ತುಸು ನಡುಗಿದರೆ ಸಾಕು, ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು.

ಕೈ ಮುಗಿದ ಮೇಲೆ ಇಡೀ ಮನುಷ್ಯ. ಅದಕ್ಕೆ ಹುಡುಗ ಅಡ್ಡದಾರಿ ತೋರಿಸಿದ: ಮೇಕ್‌ಹ್ಯೂಮನ್ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶ. ಇದರಲ್ಲಿ ಮೊದಲೇ ಒಬ್ಬ ಮನುಷ್ಯ ಕೈ ಚಾಚಿ ನಿಂತಿರುತ್ತಾನೆ, ಅಥವಾ ನಿಂತಿರುತ್ತಾಳೆ. ಆಗ ಅದು ಗಂಡೂ ಅಲ್ಲ ಹೆಣ್ಣೂ ಅಲ್ಲ, ಸರಿ ಅರ್ಧ. ಪಕ್ಕದಲ್ಲಿ ಸರಿಸುವ ಕಡ್ಡಿಗಳು. ಒಂದನ್ನು ಸರಿಸಿದರೆ ಹೆಣ್ಣಾಗುತ್ತಾಳೆ, ಇನ್ನೊಂದರಿಂದ ದಪ್ಪವಾಗುತ್ತಾಳೆ, ಮತ್ತೊಂದರಿಂದ ಎತ್ತರವಾಗುತ್ತಾಳೆ. ಆಫ್ರಿಕನ್, ಏಷ್ಯನ್, ಕಕೇಷಿಯನ್ ಎಂದು ಮೂರು ಕುಲದ ಕಡ್ಡಿಗಳು, ತಲಾ ಮೂರನೇ ಒಂದು ಪಾಲು. ವಯಸ್ಸಿಗೆ ಒಂದು ಕಡ್ಡಿ, ಅದು ತಾನಾಗಿ ನಿಂತಿರುವುದು 25ರಲ್ಲಿ.

ತಮಾಷೆ ಎನ್ನಿಸಿತು, ಮೊದಮೊದಲು. ಇಪ್ಪತ್ತೈದರಲ್ಲಿ ನಮ್ಮ ಅವ್ವನಿಗೆ ಮೂರು ಮಕ್ಕಳು. ಆ ಮೈ ಯಾವ ಕಡ್ಡಿಯಲ್ಲೂ ಸಿಗಲಿಲ್ಲ. ವಯಸ್ಸನ್ನು ಎಪ್ಪತ್ತೇಳಕ್ಕೆ ಎಳೆದರೆ ಮೈ ಸ್ವಲ್ಪ ಜೋತುಬೀಳುತ್ತದೆ. ಆದರೂ ಮುದುಕಿ ಹಾಗೇ ಕೈ ಚಾಚಿ ನೆಟ್ಟಗೆ ನಿಂತಿರುತ್ತಾಳೆ, ಡ್ರಿಲ್ ಪೀರಿಯಡ್ಡಿನಲ್ಲಿ ನಿಂತ ಹಾಗೆ. ಚರ್ಮವನ್ನು ಬೇರೆ ಆರಿಸಿಕೊಳ್ಳಬೇಕು: ಎಳೆಯ, ನಡುವಯಸ್ಸಿನ, ಮುದಿ, ಪ್ರತಿಯೊಂದರಲ್ಲೂ ಮತ್ತೆ ಅದೇ ಮೂರು ಕುಲ. ಏಷ್ಯನ್ ಎಂದರೆ ಚೀನಾ, ಜಪಾನಿನ ಕಡೆಯ ಬಿಳುಪು. ದುರ್ಗದ ಬಿಸಿಲಿನಲ್ಲಿ ಬೆಂದ ಎಣ್ಣೆಗೆಂಪು ಮೂರರಲ್ಲಿ ಒಂದರಲ್ಲೂ ಇಲ್ಲ. ಉಡಿಸೋಣವೆಂದರೆ ಅದರ ಜೊತೆಗೇ ಬರುವ ಪೆಟ್ಟಿಗೆಯಲ್ಲಿ ಪ್ಯಾಂಟು, ಕೋಟು, ಟೋಪಿ. ಸೀರೆಯನ್ನು ನಾನೇ ಮಾಡಬೇಕಾಯಿತು. ಹೊಲಿಗೆಯಿಲ್ಲದ ಬಟ್ಟೆ, ಎಲ್ಲೂ ಪಿನ್ನಿಲ್ಲದೆ ಮೈಮೇಲೆ ನಿಲ್ಲುತ್ತದೆ ಎಂದರೆ ಕಂಪ್ಯೂಟರ್ ನಂಬುವುದಿಲ್ಲ. ಲೆಕ್ಕ ಶುರುಮಾಡಿದ ಕೂಡಲೇ ಬಟ್ಟೆಯನ್ನೆಲ್ಲ ನೆಲಕ್ಕೆ ಬೀಳಿಸಿಬಿಡುತ್ತಿತ್ತು. ಅವ್ವನ ವಿಷಯದಲ್ಲಿ ಇದನ್ನು ನೋಡುವುದು ನನಗೆ ಸಂಕಟವಾಯಿತು. ಆಮೇಲೆ ಸೀರೆಯ ಪ್ರಯೋಗಕ್ಕೆ ಬೇರೆ ಗೊಂಬೆ ಇಟ್ಟುಕೊಂಡೆ.

ಆ ತಂತ್ರಾಂಶ ಮಾಡಿದವರನ್ನು ದೂರುತ್ತಿಲ್ಲ. ಪುಕ್ಕಟೆ ಕೊಟ್ಟವರನ್ನು ಬೈಯಬಾರದು. ಆದರೆ 'ನೈಜ ಮನುಷ್ಯ' ಎಂದರೆ ಯಾವ ವಯಸ್ಸಿನ, ಯಾವ ಊರಿನ, ಏನೂ ಕೆಲಸ ಮಾಡದ ಮೈ ಎಂಬ ಒಂದು ತೀರ್ಮಾನ ಕಡ್ಡಿ ಸರಿಸುವ ಮೊದಲೇ ಅಲ್ಲಿ ಆಗಿಹೋಗಿರುತ್ತದೆ. ಇದು ಸಿನಿಮಾಗಳಲ್ಲಿ ಇನ್ನೂ ಸ್ಪಷ್ಟ. 2001ರಲ್ಲಿ ಬಂದ 'ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್' ಚಿತ್ರದ ನಾಯಕಿ ಆಕಿ ರಾಸ್‌ಳನ್ನು ನೋಡಿ. 13 ಕೋಟಿ 70 ಲಕ್ಷ ಡಾಲರಿನ ಚಿತ್ರ. ಅವಳ ತಲೆಯಲ್ಲಿ 60,000 ಕೂದಲು, ಒಂದೊಂದೂ ಬೇರೆ. ಅವಳು ವಿಜ್ಞಾನಿ, ಮೈಯಲ್ಲಿ ಕಾಯಿಲೆ, ಭೂಮಿಯನ್ನು ಉಳಿಸುವ ಜವಾಬ್ದಾರಿ ಬೇರೆ. ಆದರೆ ಚಿತ್ರ ಮುಗಿದ ಮೇಲೆ ನನ್ನ ನೆನಪಿನಲ್ಲಿ ಉಳಿದದ್ದು ಕೂದಲು ಮಾತ್ರ. ಇಷ್ಟು ಸಂಕಟದಲ್ಲಿರುವ ಹೆಂಗಸು ಒಮ್ಮೆಯಾದರೂ ಆ ಕೂದಲನ್ನು ಗಂಟು ಹಾಕಿಕೊಳ್ಳಬಾರದೇ! ಬಿಡುಗಡೆಯ ವರ್ಷ ಗಂಡಸರ ಒಂದು ಪತ್ರಿಕೆ ಅವಳಿಗೆ ಬಿಕಿನಿ ತೊಡಿಸಿ ಚೆಲುವೆಯರ ಪಟ್ಟಿಯಲ್ಲಿ ಸೇರಿಸಿತು. ಪಟ್ಟಿಯಲ್ಲಿದ್ದ ಉಳಿದವರು ಬದುಕಿರುವ ಹೆಂಗಸರು. ಅವಳನ್ನು ಬೇರೆ ಚಿತ್ರಗಳಲ್ಲೂ ನಟಿಯಾಗಿ ಬಳಸುವ ಯೋಚನೆ ಇತ್ತಂತೆ. ಚಿತ್ರ ಸೋತಿತು, ಮಾಡಿದ ಸ್ಟುಡಿಯೋ ಮುಚ್ಚಿತು.

ಮೂರು ವರ್ಷದ ನಂತರ, 2004ರಲ್ಲಿ, 'ದಿ ಪೋಲಾರ್ ಎಕ್ಸ್‌ಪ್ರೆಸ್' ಬಂತು. ಟಾಮ್ ಹ್ಯಾಂಕ್ಸ್‌ರಂಥ ದೊಡ್ಡ ನಟನ ಮುಖಕ್ಕೆ ಸಣ್ಣ ಸಣ್ಣ ಚುಕ್ಕಿಗಳನ್ನು ಅಂಟಿಸಿ, ಆ ಚುಕ್ಕಿಗಳ ಚಲನೆಯನ್ನು ಕಂಪ್ಯೂಟರಿನ ಮುಖಕ್ಕೆ ವರ್ಗಾಯಿಸಿದರು. ಹಣೆ, ಕೆನ್ನೆ, ತುಟಿ ಎಲ್ಲ ಸರಿಯಾಗಿಯೇ ಅಲುಗುತ್ತವೆ. ಕಣ್ಣುಗುಡ್ಡೆಗೆ ಮಾತ್ರ ಚುಕ್ಕಿ ಅಂಟಿಸಲಾಗುವುದಿಲ್ಲವಲ್ಲ! ಕ್ರಿಸ್‌ಮಸ್ ಹಿಂದಿನ ರಾತ್ರಿ ರೈಲಿನಲ್ಲಿ ಹೊರಟ ಆ ಮಕ್ಕಳು ನಗುತ್ತಾರೆ, ಬೆರಗಾಗುತ್ತಾರೆ, ಆದರೆ ಏನನ್ನೂ ನೋಡುತ್ತಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಕಳೆದವಳಿಗೆ ಇದು ತಿಳಿಯದೆ ಇರುತ್ತದೆಯೇ? ಕಣ್ಣು ತೆರೆದುಕೊಂಡು ಪಾಠ ಕೇಳದ ಹುಡುಗನನ್ನು ಹಿಂದಿನ ಬೆಂಚಿನವರೆಗೂ ಗುರುತಿಸುತ್ತೇವೆ.

ನಗುವಿನದೂ ಇದೇ ಕಥೆ. ನಿಜವಾದ ನಗುವಿನಲ್ಲಿ ತುಟಿಯ ಅಂಚು ಮೇಲೆ ಹೋಗುವುದರ ಜೊತೆಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ ಎಂದು ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ತೋರಿಸಿದ್ದ. ಅಮೆರಿಕದ ಎಕ್‌ಮನ್ ಮತ್ತು ಫ್ರೀಸೆನ್ 1978ರಲ್ಲಿ ಮುಖದ ಒಂದೊಂದು ಚಲನೆಗೂ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ಅನಿಮೇಷನ್‌ನವರು ಇವತ್ತಿಗೂ ಅದನ್ನೇ ಹಿಡಿದು ಕೆಲಸ ಮಾಡುತ್ತಾರೆ. ತುಟಿಯದು ಹನ್ನೆರಡು, ಕಣ್ಣಿನ ಕೆಳಗಿನ ಕೆನ್ನೆಯದು ಆರು. ಮೊಬೈಲಿನ ಅವ್ವನಲ್ಲಿ ಹನ್ನೆರಡು ಇತ್ತು, ಆರು ಇರಲಿಲ್ಲ. ನಮ್ಮ ಅವ್ವನಿಗೆ ಹನ್ನೆರಡನ್ನು ಸೆರಗು ಮುಚ್ಚುತ್ತಿತ್ತು, ಉಳಿದದ್ದೇ ಆರು.

ಚರ್ಮದ ವಿಷಯದಲ್ಲಿ ಮಾತ್ರ ವಿಜ್ಞಾನಕ್ಕೆ ಕೈಮುಗಿದೆ. ಕರೆಂಟು ಹೋದಾಗ ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯೆಲ್ಲ ಕೆಂಪಗೆ ಬೆಳಗುತ್ತದಲ್ಲ? ಬೆಳಕು ಚರ್ಮದ ಮೇಲೆ ಬಿದ್ದು ಹಾಗೇ ಹಿಂತಿರುಗುವುದಿಲ್ಲ, ಒಳಹೊಕ್ಕು, ಅಲ್ಲಿ ಅಲೆದಾಡಿ, ಬೇರೆ ಕಡೆಯಿಂದ ಹೊರಬರುತ್ತದೆ. ಹಾಲಿಗೂ ಅಮೃತಶಿಲೆಗೂ ಇದೇ ಗುಣ. 2001ರಲ್ಲಿ ಹೆನ್ರಿಕ್ ವಾನ್ ಯೆನ್ಸನ್ ಮತ್ತು ಜೊತೆಗಾರರು ಇದನ್ನು ಕಂಪ್ಯೂಟರ್ ಬೇಗ ಲೆಕ್ಕ ಹಾಕುವಂತೆ ಸರಳಗೊಳಿಸಿದರು. ಅದಕ್ಕೂ ಮೊದಲಿನ ಮನುಷ್ಯರು ಪ್ಲಾಸ್ಟಿಕ್ ಬಿಂದಿಗೆಯಂತೆ ಹೊಳೆಯುತ್ತಿದ್ದರು. ನನ್ನ ಸತ್ತ ಸೌಟಿನಂಥ ಕೈಗೆ ಆ ಕಡ್ಡಿಯನ್ನು ಸ್ವಲ್ಪವೇ ಸರಿಸಿದಾಗ ಒಳಗೆ ರಕ್ತ ಹರಿದಂತಾಯಿತು. ರಾತ್ರಿ ಹನ್ನೊಂದು ಗಂಟೆ. ನಮ್ಮೆಜಮಾನರನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ಮಲಕ್ಕೋ" ಎಂದರು.

ಇವೆಲ್ಲದರ ನಡುವೆ ನನಗೆ ಬಹಳ ಇಷ್ಟವಾದ ಕಂಪ್ಯೂಟರ್ ಮನುಷ್ಯ ಯಾರು ಗೊತ್ತೇ? 1997ರ 'ಗೆರೀಸ್ ಗೇಮ್' ಎಂಬ ಐದು ನಿಮಿಷದ ಚಿತ್ರದ ಮುದುಕ. ಯಾನ್ ಪಿಂಕಾವಾ ಎಂಬಾತ ಪಿಕ್ಸಾರ್ ಕಂಪನಿಗೆ ಮಾಡಿದ್ದು, ಆಸ್ಕರ್ ಪಡೆದದ್ದು. ಪಾರ್ಕಿನಲ್ಲಿ ಒಬ್ಬನೇ ಕೂತ ಮುದುಕ ತನ್ನ ಜೊತೆ ತಾನೇ ಚದುರಂಗ ಆಡುತ್ತಾನೆ. ಈ ಕಡೆ ಕೂತಾಗ ಕನ್ನಡಕ ಹಾಕಿಕೊಂಡು ಅಂಜುಬುರುಕ. ಎದ್ದು, ಸುತ್ತು ಹಾಕಿ, ಕನ್ನಡಕ ತೆಗೆದು ಆ ಕಡೆ ಕೂತರೆ ಜಬರದಸ್ತಿನವನು. ಸೋಲುವ ಹೊತ್ತಿಗೆ ಎದೆನೋವು ನಟಿಸಿ ಮಣೆಯನ್ನೇ ತಿರುಗಿಸಿಬಿಡುತ್ತಾನೆ. ಗೆದ್ದದ್ದಕ್ಕೆ ಬಹುಮಾನ ಅವನದೇ ಕಟ್ಟಿಸಿದ ಹಲ್ಲುಸೆಟ್ಟು! ಮೂಗು ದೊಡ್ಡದು, ತಲೆ ದೊಡ್ಡದು, ಯಾರೂ ಅವನನ್ನು ಫೋಟೋ ಎಂದು ಮೋಸಹೋಗುವುದಿಲ್ಲ. ಆದರೆ ಅವನು ಕುರ್ಚಿಯಿಂದ ಎದ್ದು ಎದುರಿನ ಕುರ್ಚಿಗೆ ಹೋಗುವುದನ್ನು ನೋಡಿ. ಮಂಡಿ ಹೇಳಿದ್ದನ್ನು ಕೇಳುತ್ತಿಲ್ಲ, ಆದರೂ ಹೋಗಬೇಕು, ಆಟದ ಚಪಲ. ಅವನ ಮೈಗೆ ಭಾರವಿದೆ. ಆ ಭಾರವನ್ನು ಎತ್ತಿಕೊಂಡು ಹೋಗಲು ಅವನಿಗೊಂದು ಕಾರಣವಿದೆ. ಅವನ ಮುಖವನ್ನೂ ಕೈಯನ್ನೂ ಕೋಟನ್ನೂ ಮಾಡಿದ್ದು ನಾನು ಒತ್ತಿದ ಅದೇ ಕ್ಯಾಟ್‌ಮಲ್-ಕ್ಲಾರ್ಕ್ ವಿಧಾನದಿಂದ ಎಂದು ತಿಳಿದಾಗ, ನಮ್ಮೂರಿನವನೊಬ್ಬ ಸಿಕ್ಕಿದಷ್ಟು ಸಂತೋಷವಾಯಿತು.

ನನ್ನ ಮಟ್ಟಿಗೆ ನೈಜತೆಯ ಅಳತೆ ಇದೇ. ಕೂದಲ ಲೆಕ್ಕ ಬೇಡ, ಚರ್ಮದ ರಂಧ್ರದ ಲೆಕ್ಕ ಬೇಡ. ಈ ಮೈ ಏನನ್ನಾದರೂ ಹೊತ್ತಿದೆಯೇ, ಈ ಕಣ್ಣು ಏನನ್ನಾದರೂ ನೋಡುತ್ತಿದೆಯೇ, ಇದಕ್ಕೆ ಏನಾದರೂ ಬೇಕೇ? ಇಷ್ಟು ಇದ್ದರೆ ತೊಗಲುಗೊಂಬೆಯೂ ಮನುಷ್ಯ.

ದುರ್ಗದವಳಾಗಿ ಇಲ್ಲಿ 'ನಾಗರಹಾವು' ಬಗ್ಗೆ ಹೇಳದಿದ್ದರೆ ನನಗೆ ಊಟ ಮೆಚ್ಚುವುದಿಲ್ಲ. ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂದದ್ದು 1972ರಲ್ಲಿ, ಅಮೆರಿಕದಲ್ಲಿ ಆ ಕೈ ಬೆರಳು ಮಡಿಸಿದ ವರ್ಷವೇ. ಕೋಟೆಯ ಮೇಲೆ ಶೂಟಿಂಗ್ ನಡೆಯುವಾಗ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದಳಂತೆ. ವಿಷ್ಣುವರ್ಧನ್ ಎಂಬ ಹೊಸ ಹುಡುಗ ಬಂಡೆಯ ಮೇಲೆ ನಿಂತು ಸಿಟ್ಟಿನಲ್ಲಿ ಉಸಿರುಬಿಡುತ್ತಿದ್ದುದನ್ನು ಕೊನೆಯವರೆಗೂ ಹೇಳುತ್ತಿದ್ದಳು. ವಿಷ್ಣುವರ್ಧನ್ 2009ರ ಡಿಸೆಂಬರಿನಲ್ಲಿ ತೀರಿಕೊಂಡರು. ಏಳು ವರ್ಷದ ಮೇಲೆ, 2016ರಲ್ಲಿ, ಕೋಡಿ ರಾಮಕೃಷ್ಣ ಅವರ ನಿರ್ದೇಶನದಲ್ಲಿ ಅದೇ 'ನಾಗರಹಾವು' ಹೆಸರಿನ ಬೇರೊಂದು ಚಿತ್ರ ಬಂತು. ಅದರ ಕೊನೆಯ ಭಾಗದಲ್ಲಿ ವಿಷ್ಣುವರ್ಧನ್‌ರನ್ನು ಕಂಪ್ಯೂಟರಿನಲ್ಲಿ ಮತ್ತೆ ಸೃಷ್ಟಿಸಿ ತಂದಿದ್ದರು. ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವರು ಪರದೆಗೆ ಬಂದಾಗ ಟಾಕೀಸಿನಲ್ಲಿ ಎದ್ದ ಶಿಳ್ಳೆಗೆ ಕಿವಿ ತೂತಾಯಿತು. ಪಕ್ಕದ ಸಾಲಿನಲ್ಲಿ ನಡುವಯಸ್ಸಿನ ಗಂಡಸೊಬ್ಬರು ಕೈಮುಗಿದು ನಿಂತಿದ್ದರು. ಆ ಸಂತೋಷವನ್ನು ನಾನು ಹಳಿಯಲಾರೆ. ಆದರೆ ಅವ್ವ ಸುಮ್ಮನೆ ಕೂತಿದ್ದಳು. ಆಟೋದಲ್ಲಿ ಬರುವಾಗ, "ಮುಖ ಅವಂದೇ. ಆದ್ರೆ ರಾಮಾಚಾರಿಗೆ ಸಿಟ್ಟು ಬರ್ತಿತ್ತು ಕಣೇ. ಇವನಿಗೆ ಯಾರ ಮೇಲೂ ಸಿಟ್ಟಿಲ್ಲ" ಎಂದಳು.

ಆ ದೃಶ್ಯಗಳ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಓದಿಲ್ಲ. ಸಿಟ್ಟು ಮುಖದಲ್ಲಿ ಇರುವುದಲ್ಲ. ಚಾಮಯ್ಯ ಮೇಷ್ಟರಾದ ಅಶ್ವತ್ಥ್ ಎದುರಿಗೆ ನಿಂತಾಗ ಆ ಹುಡುಗನ ಇಡೀ ಮೈ ಏನು ಮಾಡುತ್ತಿತ್ತೋ, ಅದರಲ್ಲಿ ಇತ್ತು. ಪುನೀತ್ ರಾಜಕುಮಾರ್ ಅವರ ವಿಷಯ ಹೋಲಿಸಿ ನೋಡಿ. ಅವರು 2021ರ ಅಕ್ಟೋಬರಿನಲ್ಲಿ ಹೋದ ಮೇಲೆ 2022ರಲ್ಲಿ ಬಿಡುಗಡೆಯಾದ 'ಜೇಮ್ಸ್' ಚಿತ್ರಕ್ಕೆ ಮೊದಲು ಅಣ್ಣ ಶಿವರಾಜಕುಮಾರ್ ದನಿ ಕೊಟ್ಟರು, ಆಮೇಲೆ ತಂತ್ರಜ್ಞಾನದಿಂದ ಪುನೀತರದೇ ದನಿಯನ್ನು ಕೂಡಿಸಿದರು. ಅದು ಮನಸ್ಸಿಗೆ ಒಗ್ಗಿತು. ಅಲ್ಲಿ ಓಡಿದ ಮೈ, ನೋಡಿದ ಕಣ್ಣು ಅವರದೇ ಆಗಿತ್ತು.

ರಜೆ ಮುಗಿಯುವ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲಿ ಒಬ್ಬ ಮುದುಕಿ ಇದ್ದಳು. ಮುಖ ಫೋಟೋಗೆ ಸುಮಾರಾಗಿ ಹೋಲುತ್ತಿತ್ತು. ನಡೆಸಿದೆ. ಕಾಲು ನೆಲದ ಮೇಲೆ ಜಾರುತ್ತಿತ್ತು, ಎಣ್ಣೆ ಚೆಲ್ಲಿದ ಮೇಲೆ ನಡೆದ ಹಾಗೆ. ಇದು ಕಲಿಯುವವರೆಲ್ಲರ ತಪ್ಪಂತೆ, ಒಂದು ವಾರ ಕೂತು ಸರಿಪಡಿಸಿದೆ. ಆಮೇಲೆ ಕೂರಿಸಿ ಏಳಿಸಿದೆ. ಅವ್ವ ನೆಲದಿಂದ ಏಳುವಾಗ ಬಲಗೈಯನ್ನು ಬಲಮಂಡಿಯ ಮೇಲಿಟ್ಟು, "ಶಿವಾ" ಎಂದು, ಎಡಗೈಯಲ್ಲಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಿದ್ದಳು. ಗೋಡೆಯೋ, ಬಾಗಿಲ ಪಟ್ಟಿಯೋ, ಕೆಲವು ಸಲ ನನ್ನ ತಲೆಯೋ. ಅದನ್ನು ಮಾಡುವಾಗ ಮುಖದ ಮೇಲೆ ಏನು ಹಾಕಲಿ? ಫೋಟೋದಲ್ಲಿದ್ದ ಮುಖ, ಮದುವೆಮನೆಯಲ್ಲಿ ಫೋಟೋದವನು "ಈ ಕಡೆ ನೋಡಿ" ಎಂದಾಗಿನ ಮುಖ. ಉಳಿದ ಎಲ್ಲ ಮುಖಗಳನ್ನೂ ನಾನು ಊಹಿಸಬೇಕು. ಅವಳ ಬಾಯಲ್ಲಿ ಏನು ಆಡಿಸಬೇಕೆಂಬುದನ್ನೂ ನಾನೇ ಬರೆಯಬೇಕು. ಹುಡುಗ, "ಎಲ್ಲರೂ ಚೆನ್ನಾಗಿರಿ ಅಂತ ಆಶೀರ್ವಾದ ಮಾಡಿಸೋಣ ಅತ್ತೆ" ಎಂದ. ಅವ್ವ ಹಾಗೆಲ್ಲ ಆಶೀರ್ವಾದ ಮಾಡಿದವಳಲ್ಲ. "ತಲೆಗೆ ಎಣ್ಣೆ ಹಚ್ಚಿಕೊಳ್ರೇ, ಭೂತದ ಥರ ಓಡಾಡ್ತೀರಿ" ಎನ್ನುತ್ತಿದ್ದಳು.

ಒಂದು ಸಂಜೆ ಆ ಮುದುಕಿಯನ್ನು ಅಳಿಸಿದೆ. "ಖಚಿತವೇ?" ಎಂದು ಕೂಡ ಕೇಳದೆ ಅಳಿದುಹೋದಳು. ಶುರುವಿನಲ್ಲಿ ಮಾಡಿದ ಎಡಗೈಯನ್ನು ಮಾತ್ರ ಇಟ್ಟುಕೊಂಡೆ.

ಅಪ್ಪನ ಸಂಬಳ ಸಾಲದ ಕಾಲದಲ್ಲಿ ಅವ್ವ ರಾತ್ರಿ ಹೂವಿನಂಗಡಿಗೆ ಹೂ ಕಟ್ಟಿಕೊಡುತ್ತಿದ್ದಳು, ಮಾರಿಗೆ ಇಷ್ಟು ಎಂದು. ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಎರಡು ಮಲ್ಲಿಗೆ ಆ ಕಡೆಗೆ, ಎರಡು ಈ ಕಡೆಗೆ, ತೊಟ್ಟು ಕೂಡಿಸಿ ಹಿಡಿದು, ಬಲಗೈಯಲ್ಲಿ ಬಾಳೆನಾರನ್ನು ಒಂದು ಸುತ್ತು ಸುತ್ತಿ, ಕುಣಿಕೆ ಹಾಕಿ ಎಳೆದರೆ ಒಂದು ಗಂಟು. ಕಣ್ಣು ನಮ್ಮ ಪುಸ್ತಕದ ಮೇಲೆ, ಮಗ್ಗಿ ತಪ್ಪಿದರೆ ತಲೆಗೊಂದು ಏಟು, ಕೈ ತನ್ನ ಪಾಡಿಗೆ. ಫೋಟೋದಲ್ಲಿ ಅವಳ ಕೈ ಬಂದ ಹಾಗಿಲ್ಲ, ಸೆರಗಿನ ಒಳಗಿದೆ. ಹಾಗಾಗಿ ನನ್ನ ಎಡಗೈಯನ್ನೇ ಮುಂದಿಟ್ಟುಕೊಂಡು ಗೀರು, ಗಂಟು, ನರ ತಿದ್ದುತ್ತ ಹೋದೆ. ತೋರುಬೆರಳ ಪಕ್ಕದಲ್ಲಿ ನಾರು ಎಳೆದೆಳೆದು ಆದ ಗೆರೆ ನನ್ನ ಬೆರಳಲ್ಲಿ ಇಲ್ಲ, ಅದನ್ನು ನೆನಪಿನಿಂದ ಕೊರೆದೆ.

ಕೈಯೊಳಗೆ ಮೂಳೆಗಳನ್ನು ಇಟ್ಟ ಮೇಲೆ, ಯಾವ ಮೂಳೆ ಎಷ್ಟು ಚರ್ಮವನ್ನು ಎಳೆಯಬೇಕು ಎಂದು ಬಣ್ಣ ಬಳಿಯುವ ಕೆಲಸವಿದೆ. ನೀಲಿ ಬಳಿದರೆ ಅಲುಗದು, ಕೆಂಪು ಬಳಿದರೆ ಪೂರ್ತಿ ಹೋಗುತ್ತದೆ. ಇದಕ್ಕೆ 'ವೇಯ್ಟ್ ಪೇಂಟ್' ಎಂದು ಹೆಸರು. ಭಾರ ಬಳಿಯುವುದು! ಯಾರಿಟ್ಟರೋ, ಒಳ್ಳೆಯ ಹೆಸರು. ಬಲಗೈಯನ್ನು ಎಡಗೈಯ ಪಡಿಯಚ್ಚಿನಂತೆ ತಿರುಗಿಸಿ ಮಾಡಿಕೊಂಡೆ. ಒಂದು ಗಂಟಿಗೆ ಎರಡು ಸೆಕೆಂಡು, ಸೆಕೆಂಡಿಗೆ 24 ಚಿತ್ರದಂತೆ 48 ಚಿತ್ರ. ಅದಕ್ಕೆ ನನಗೆ ಹಿಡಿದದ್ದು ನಾಲ್ಕು ತಿಂಗಳು, ಅದೂ ಪರೀಕ್ಷೆ ಪತ್ರಿಕೆಗಳ ನಡುವೆ. ವರ್ಷದ ತಿಥಿ ಅಷ್ಟರಲ್ಲಿ ಬಂದು ಹೋಗಿತ್ತು.

ದೀಪಾವಳಿಗೆ ಎಲ್ಲರೂ ಸೇರಿದಾಗ ತೋರಿಸಿದೆ. ತಮ್ಮ ಸ್ವಲ್ಪ ಹೊತ್ತು ನೋಡಿ, "ನಿನಗೆ ಕೈ ಸಾಕು ಅಕ್ಕಾ. ನೀನು ಕೊನೇವರೆಗೂ ಜೊತೇಲಿದ್ದೆ. ನನಗೆ ಮುಖ ಬೇಕಿತ್ತು" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅವನ ಮೊಬೈಲಿನಲ್ಲಿ ಆ ನಗುವ ಫೋಟೋ ಇದ್ದೇ ಇದೆ; ರಾತ್ರಿ ಒಬ್ಬನೇ ನೋಡುತ್ತಾನೆ ಎಂದು ನಾದಿನಿ ಹೇಳಿದಳು. ಹುಡುಗ ಮಾತ್ರ ಹೆಬ್ಬೆರಳ ಬುಡವನ್ನು ಎರಡೆರಡು ಸಲ ತಿರುಗಿಸಿ ನೋಡಿ, "ಇದನ್ನ ಯಾರು ಸರಿಮಾಡಿಕೊಟ್ಟರು ಅತ್ತೆ?" ಎಂದು ಕೇಳಿದ. ಆ ಒಂದು ಮಾತಿಗೆ ನಾನು ಅವನಿಗೆ ಇನ್ನೆರಡು ಹೋಳಿಗೆ ಬಡಿಸಿದೆ.

ನಮ್ಮ ಅಕ್ಕ ಕೊನೆಗೆ ಬಂದಳು. ಕನ್ನಡಕ ಹುಡುಕಿ ಹಾಕಿಕೊಂಡು, ಪರದೆಯ ಹತ್ತಿರಕ್ಕೆ ಬಗ್ಗಿ, ನಾಲ್ಕೈದು ಗಂಟು ಬೀಳುವವರೆಗೂ ನೋಡಿದಳು.

"ನೀರಿನ ಬಟ್ಟಲೆಲ್ಲೇ?" ಎಂದಳು.

"ಯಾವ ಬಟ್ಟಲು?"

"ನಾರು ಒಣಗಿದರೆ ಕುಣಿಕೆ ಜಾರುತ್ತಲ್ಲೇ. ನಾಲ್ಕು ಗಂಟಿಗೊಂದು ಸಲ ಅವ್ವ ಬೆರಳು ಅದ್ದುತ್ತಿರಲಿಲ್ಲವಾ?"

ಹೌದು, ಅದ್ದುತ್ತಿದ್ದಳು. ಹಿತ್ತಾಳೆಯ ಸಣ್ಣ ಬಟ್ಟಲು, ಅಂಚು ನಗ್ಗಿದ್ದು. ಹುಡುಗನನ್ನು ಕೇಳಿದೆ, ಬಟ್ಟಲು ಅರ್ಧ ದಿನದ ಕೆಲಸವಂತೆ. ನೀರು ಮಾಡುವುದು ಬೇರೆಯೇ ಪಾಠ, ಬೇಸಿಗೆ ರಜೆಗೆ ಹೇಳಿಕೊಡುತ್ತೇನೆ ಎಂದಿದ್ದಾನೆ.